ಕುದ್ಕೆಪದವು

ಐದಕ್ಕೆ ಟಾರ್ಚು ಹಿಡಿದು ಹತ್ತುತ್ತೇನೆ.
ವಾಲ್ವಿನ ಗುಲಾಬಿ ಅಂತ ನನ್ನ ಹೆಸರು,
ಪಂಚಾಯತಿನ ಪುಸ್ತಕದಲ್ಲಿ ಬೇರೆ ಏನೋ ಇದೆ.
ನೆತ್ತಿಯಲ್ಲಿ ಟ್ಯಾಂಕಿ. ಗದ್ದೆಬದಿಯ ಬಾವಿಯಿಂದ
ರಾತ್ರಿಯಿಡೀ ಗುಡ್ಡ ಹತ್ತಿದ ನೀರು
ಅದರೊಳಗೆ ಏದುಸಿರು ಬಿಡುತ್ತಿರುತ್ತದೆ.
ನಾನು ಹೋಗಿ ಇಳಿಸಬೇಕು.

ಹೆಸರಲ್ಲಿ ಕುದ್ಕೆ ಇದೆ, ಗುಡ್ಡದಲ್ಲಿ ನರಿ ಇಲ್ಲ ಅನ್ನುತ್ತಾರೆ.
ಇದೆ. ಒಂದೇ ಒಂದು. ಬಾಲದ ಅರ್ಧ ರೋಮ ಉದುರಿದ್ದು.
ನನ್ನ ಬೆಳಕಿಗೆ ಎರಡು ಹಸಿರು ಬೀಡಿ ಹೊತ್ತಿಸಿ
ಗೇರುಮರದ ಬುಡದಲ್ಲಿ ನಂದಿಸುತ್ತದೆ.
ಆ ಗೇರು ಹಡಗಿನಲ್ಲಿ ಬಂದದ್ದು, ಪರಂಗಿಯವರ ಜೊತೆ,
ಅಂತ ಮೊಂತು ಪೊರ್ಬುಗಳು ಹೇಳುತ್ತಿದ್ದರು,
ಬಂದರಿನಲ್ಲಿ ತಾವೇ ನಿಂತು ಇಳಿಸಿಕೊಂಡವರ ಹಾಗೆ.

ಮಣ್ಣು ಕಡಿಮೆ ಇಲ್ಲಿ. ಮುರಕಲ್ಲು,
ನೆಲದೊಳಗಿರುವಾಗ ಬೆಲ್ಲದ ಅಚ್ಚಿನ ಹಾಗೆ ಮೆತ್ತಗೆ,
ಗಾಳಿ ತಾಗಿದ ಮೇಲೆ ಯಾರ ಮಾತೂ ಕೇಳುವುದಿಲ್ಲ.
ಅಪ್ಪ ಇದನ್ನು ಕಡಿಯುತ್ತಿದ್ದರು, ಯಂತ್ರ ಬರುವ ಮುಂಚೆ,
ಹೊತ್ತು ಮುಳುಗುವಾಗ ಹುಬ್ಬಿನವರೆಗೆ ಕೆಂಪು.
ಶಾಲೆ ಈ ಗುಡ್ಡ. ಇಗರ್ಜಿಯ ಹಿಂದಿನ ಗೋಡೆ ಈ ಗುಡ್ಡ.
ಪಳ್ಳಿಯ ಮೆಟ್ಟಿಲು, ಇದ್ದಿನಬ್ಬರ ಅಂಗಡಿ, ನಮ್ಮ ಬಚ್ಚಲು.
ಅರ್ಧ ಗುಡ್ಡ ಊರೊಳಗೆ ಇಳಿದು
ಸುಣ್ಣ ಬಳಿದುಕೊಂಡು ಗುರುತು ಸಿಗದ ಹಾಗೆ ನಿಂತಿದೆ.
ಆಟಿಯಲ್ಲಿ ಗೋಡೆ ಬೆವರಿದಾಗ ಮಾತ್ರ
ವಾಸನೆಯಿಂದ ಹಿಡಿಯುತ್ತೇನೆ: ಓ, ನೀನಾ.

ಪಡುವಣ ಅಂಚಿಗೆ ಒಂದು ತೂತು, ಊಟದ ತಟ್ಟೆಯಷ್ಟು.
ಒಳಗೆ ಮಡಕೆ ಕವುಚಿದಂತೆ ಕೊರೆದ ಕೋಣೆ.
ಪಾಂಡವರು ಅಡಗಿದ್ದ ಜಾಗ ಅನ್ನುತ್ತಾರೆ.
ಭೀಮನೂ? ಈ ತೂತಿನಲ್ಲಿ? ಬಾಬಿಯಕ್ಕ
ಅಣಬೆಯ ಬುಟ್ಟಿ ಕೆಳಗಿಟ್ಟು ನಕ್ಕಿದ್ದಾಳೆ.
ಉಡುಪಿಯಿಂದ ಬಂದ ಮೇಡಂ ಒಬ್ಬರು ಟೇಪು ಹಿಡಿದು
ಇದು ಸತ್ತವರ ಮನೆ ಅಂದರು, ಸಾವಿರಾರು ವರ್ಷದ್ದು.
ಈಗ ಬಾಡಿಗೆಗೆ ಮುಳ್ಳುಹಂದಿ ಇದೆ,
ಬಾಗಿಲಲ್ಲಿ ಎರಡು ಮುಳ್ಳು ಬಿಟ್ಟು ಹೋಗುತ್ತದೆ.
ಅಲ್ಲಿಂದ ಐವತ್ತು ಹೆಜ್ಜೆಗೆ ಸರ್ವೆ ಕಲ್ಲು,
ಬಾಣದ ಗುರುತು ಕೊರೆದು ಹೋದ ಸಾಹೇಬನಿಗೆ
ಒಂದು ಕಡೆ ಕುದುರೆಮುಖ, ಒಂದು ಕಡೆ ಕಡಲು ಬೇಕಿತ್ತಂತೆ.
ಹೂ ಬೇಕಿರಲಿಲ್ಲ ಕಾಣುತ್ತದೆ.
ಸೋಣದಲ್ಲಿ ಬಂದಿದ್ದರೆ ಕಾಲಿಡಲು ಹೆದರುತ್ತಿದ್ದ:
ಬಂಡೆ ತುಂಬ ನೀಲಿ, ಸಾಸಿವೆಯಷ್ಟು ಸಾಸಿವೆಯಷ್ಟು,
ಮೂರು ವಾರ, ಆಮೇಲೆ ಏನೂ ಆಗಿಲ್ಲವೆಂಬಂತೆ ಹುಲ್ಲು.

ಈ ಬೇಶದಲ್ಲಿ ಟಿಟ್ಟಿಭವೊಂದು
ವಾಲ್ವಿನ ಪಕ್ಕದಲ್ಲೇ ನಾಲ್ಕು ಮೊಟ್ಟೆ ಇಟ್ಟಿತು.
ಗೂಡಿಲ್ಲ, ಹುಲ್ಲಿಲ್ಲ, ಬರೀ ಬಂಡೆ.
ಕಲ್ಲು ಯಾವುದು ಮೊಟ್ಟೆ ಯಾವುದು
ಟಾರ್ಚಿಗೆ ತಿಳಿಯುವುದಿಲ್ಲ.
ಹಾಗಾಗಿ ಬೆಳಕು ಹರಿಯುವವರೆಗೆ ಕೂತೆ,
ಕಾಪು ದೀಪಸ್ತಂಭ ಆರುವವರೆಗೆ,
ತಲೆಯ ಮೇಲೆ ಕೊಡೆ ಬಿಡಿಸಿಕೊಂಡು.
ಹಕ್ಕಿ ನನ್ನ ಏಳು ತಲೆಮಾರಿಗೆ ಬೈಯಿತು.
ಮೊಟ್ಟೆಗಳ ಸುತ್ತ ಹನ್ನೊಂದು ಕಲ್ಲಿಟ್ಟೆ, ನನ್ನ ಕಾಲಿಗೆ ಗುರುತು.

ಕೆಳಗೆ ಕೊಡಗಳು ಸಾಲಾಗಿ ಕಾಯುತ್ತಿದ್ದವು.
ಎಂತ ಗುಲಾಬಿ, ದಿನಾ ಮುಕ್ಕಾಲು ಗಂಟೆ ತಡ?
ಪೈಪಿನಲ್ಲಿ ಗಾಳಿ ಹಿಡಿದಿದೆ ಅಂದೆ ಲಿಲ್ಲಿಬಾಯಿಗೆ.
ಇಪ್ಪತ್ತೆಂಟು ದಿನ ಗಾಳಿ ಹಿಡಿದಿತ್ತು.

ಒಂದು ಬೆಳಿಗ್ಗೆ ಬೈಗುಳ ಇರಲಿಲ್ಲ.
ನಾಲ್ಕು ಧೂಳಿನ ಚೆಂಡು ಉದ್ದ ಕಾಲಲ್ಲಿ
ಕೋರೆಯ ಕಡೆ ನಡೆದುಹೋಗುತ್ತಿದ್ದವು,
ತಾಯಿ ಮುಂದೆ, ತಿರುಗಿ ನೋಡದೆ.

ಹನ್ನೊಂದು ಕಲ್ಲು ಹಾಗೇ ಬಿಟ್ಟಿದ್ದೇನೆ.
ಮುಂದೆ ಯಾರಾದರೂ ಟೇಪು ಹಿಡಿದು ಬಂದು
ಉರುಟಾಗಿ ಯಾಕಿಟ್ಟರು ಎಂದು ಅಳೆಯಲಿ.
ಬಾಬಿಯಕ್ಕ ಇದ್ದರೆ ಹೇಳಿಯಾಳು:
ಇದು ದ್ರೌಪದಿಯ ಒಲೆ.